ಹುಳದ ಮನೆಯಲ್ಲಿ ಆರಿಸಿದ ಮರಳುಗಾಡು

ನುಣುಪು ಕಾಗದದ ವಾಸನೆ ಮೂಗಿಗೆ ಬಡಿದರೆ ಸಾಕು, ಇವತ್ತಿಗೂ ನನಗೆ ಕೂಟಗಲ್‌ನ ನಮ್ಮ ರೇಷ್ಮೆಹುಳದ ಮನೆ ನೆನಪಾಗುತ್ತದೆ.

ದಸರಾ ರಜೆಗೆ ಮನೆಮಂದಿಯೆಲ್ಲ ರಾಜಸ್ಥಾನಕ್ಕೆ ಹೋಗೋಣವೆಂದು ಅಪ್ಪ ರೆಸಾರ್ಟ್‌ಗಳ ಬಣ್ಣದ ಪುಸ್ತಕ ತಂದಿದ್ದ. ಮಧ್ಯಾಹ್ನ ಅಜ್ಜಿ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು, ಅಪ್ಪ, ಅವ್ವ, ನಾನು ಅಲ್ಲೇ ಕೂತು ಆರಿಸತೊಡಗಿದೆವು. ನನಗೆ ಎಲ್ಲಕ್ಕಿಂತ ದೊಡ್ಡದೇ ಬೇಕಿತ್ತು. ಮರಳಿನ ನಡುವೆ ಕೋಟೆಯಂಥ ಕಟ್ಟಡ, ನಮ್ಮ ಕೆರೆಯಷ್ಟಗಲ ಈಜುಕೊಳ!

"ಮರಳು ನೋಡಕ್ಕೆ ಅಷ್ಟು ದೂರ ಯಾಕ್ಲಾ? ನಮ್ಮ ಅರ್ಕಾವತೀಲಿ ಇಲ್ವಾ?" ಎಂದಳು ಅಜ್ಜಿ. ಅಪ್ಪ ನಕ್ಕುಬಿಟ್ಟ. ಕೊನೆಗೆ ದೊಡ್ಡದನ್ನೇ ಗೊತ್ತುಮಾಡಿದೆವು.

ಆಗ ಅವ್ವ ಮೆಲ್ಲಗೆ ಅಂದಳು, "ಅಷ್ಟೊತ್ಗೆ ಹುಳ ನಾಕನೇ ಜ್ವರದಿಂದ ಎದ್ದಿರ್ತವೆ. ನಾನಿರ್ತೀನಿ, ನೀವೆಲ್ಲ ಹೋಗ್ಬನ್ನಿ."

ಹುಳ ಪೊರೆ ಬಿಡುವ ಮುಂಚಿನ ನಿದ್ದೆಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಕೊನೆಯ ಸಲ ಪೊರೆ ಬಿಟ್ಟು ಎದ್ದ ಹುಳ ಹಗಲೂ ರಾತ್ರಿ ತಿನ್ನುತ್ತವೆ. ಬೇರೆಯವರ ಕೈಗೆ ಒಪ್ಪಿಸಿ ಹೋಗುವಂತಿಲ್ಲ.

"ಸುಮ್ನಿರವ್ವ ನೀನು," ಅಜ್ಜಿ ಗದರಿದಳು. "ಮದ್ವೆಯಾಗಿ ಬಂದಾಗಿಂದ ಕೆಂಗಲ್ ಅನ್ಮಂತರಾಯನ್ ಗುಡಿ ಬುಟ್ರೆ ಇನ್ನೇನ್ ನೋಡಿದ್ದೀಯ? ನೀನೋಗು. ನಂಗೆ ಆ ಬಿಸ್ಲೂ ಬ್ಯಾಡ, ಮರಳೂ ಬ್ಯಾಡ."

ಅವ್ವ ಎಷ್ಟು ಹೇಳಿದರೂ ಅಜ್ಜಿ ಕೇಳಲಿಲ್ಲ.

ಅಪ್ಪ, ಅವ್ವ ಇಬ್ಬರೂ ಎದ್ದು ಹೋದ ಮೇಲೆ ಅಜ್ಜಿ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ತೆಗೆದಳು. ಒಂದೊಂದೇ ಹಾಳೆ ತಿರುವುತ್ತಾ ಒಂಟೆಯ ಚಿತ್ರ ಬಂದಾಗ ನಿಲ್ಲಿಸಿದಳು. ಬಾಗಿಲ ಕಡೆಗೊಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದಳು:

"ಮಗಾ, ಇದ್ರ ಮ್ಯಾಲೆ ಮುದುಕೀರ್ನೂ ಕೂರುಸ್ತಾರಾ?"