ಮೂರನೆಯ ಗ್ಲಾಸಿನ ದರ್ಬಾರು

ಅಕ್ಕ ಒಳಗೆ ಬಂದೇಬಿಟ್ಟಳು. ಬರಬೇಡ ಎಂದು ದುರ್ಗೇಶ ಬೆಳಗಿನಿಂದ ಫೋನಿನಲ್ಲಿ ಬಡಿದುಕೊಂಡದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಇಂದಿರಾನಗರದ ಆ ಬಾರಿನ ಗಾಜಿನ ಬಾಗಿಲು ತಳ್ಳಿ, ತಲೆಯ ಮೇಲೆ ಸೆರಗೆಳೆದುಕೊಂಡು, ಹುಸೇನಮ್ಮ ಮೂಲೆಯ ಮೇಜಿನ ಕಡೆ ನಡೆದಳು. ಕೌಂಟರಿನ ಹಿಂದೆ ನಿಂಬೆಹಣ್ಣು ಹಿಂಡುತ್ತಿದ್ದ ದುರ್ಗೇಶನ ಕೈ ನಿಂತಿತು.

ಮೂಲೆಯ ಮೇಜು ದೊಡ್ಡಮುನಿಯಪ್ಪನವರದು. ಕಟ್ಟಡವೂ ಅವರದೇ. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಮಗ ನಾಲ್ಕು ಮಹಡಿ ಬೆಳೆದಿದ್ದರು. ಪಾಲಿಕೆಗೆ ಚುನಾವಣೆ ನಡೆದು ಎಷ್ಟು ವರ್ಷವಾಯಿತೋ, ಯಾರಿಗೂ ನೆನಪಿಲ್ಲ. ಆದರೂ ಎಲ್ಲರ ಬಾಯಲ್ಲಿ ಅವರಿನ್ನೂ ಕಾರ್ಪೊರೇಟರ್ ಸಾಹೇಬರು. ಅವರ ಮಾತು ಮೀರಿದವನಿಗೆ ಮರುದಿನ ಈ ಬಾರಿನಲ್ಲಿ ಕೆಲಸವಿರುವುದಿಲ್ಲ.

ಸಂಜೆಯಾದರೆ ಅಲ್ಲಿ ದರ್ಬಾರು. ಮೊದಲೆರಡು ಗ್ಲಾಸಿನವರೆಗೆ ಬಂದವರ ಕಷ್ಟ ಕೇಳುತ್ತಾರೆ. ಮೂರನೆಯದು ಖಾಲಿಯಾದ ಮೇಲೆ ಹಾಡು ನಿಲ್ಲಿಸಿ ಪಾಲಿಕೆಯ ಕಮಿಷನರಿಗೇ ಫೋನ್ ಮಾಡುತ್ತಾರೆ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ. ಆ ಕಡೆಯಿಂದ ‘ಆಗ್ಲಿ ಸಾರ್’ ಎಂಬ ತಗ್ಗಿದ ದನಿ ಬರುತ್ತದೆ. ಬಂದವರು ಕೈಮುಗಿದು ಹೊರಡುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ; ಇಲ್ಲಿ ಪೂಜಾರಿ ಎಂದರೆ ಮೂರನೆಯ ಗ್ಲಾಸು.

ಕುಡಿಯುವುದರಲ್ಲೂ ಸಾಹೇಬರದು ರಾಜಕೀಯವೇ. ದೊಡ್ಡ ದೊಡ್ಡ ನಾಯಕರು ಕುಡಿದದ್ದೆಂದು ಹೆಸರಾದ ಕಾಕ್‌ಟೈಲೇ ಅವರಿಗೂ ಆಗಬೇಕು. ದುರ್ಗೇಶ ಗ್ಲಾಸಿನ ಜೊತೆಗೆ ಕಥೆಯನ್ನೂ ತಂದಿಡಬೇಕು.

“ಇದನ್ನ ಕುಡ್ದೋನ್ ಯಾರ್ಲಾ?” ಎಂದರು ಸಾಹೇಬರು, ಮೊದಲ ಗ್ಲಾಸು ನೋಡಿ.

“ಡೈಕಿರಿ ಸಾರ್. ರಮ್ಮು, ನಿಂಬೆರಸ, ಸಕ್ಕರೆ. ಅಮೆರಿಕದ ಪ್ರೆಸಿಡೆಂಟ್ ಒಬ್ರಿಗೆ ಇದಂದ್ರೆ ಪ್ರಾಣವಂತೆ.”

“ಎಲೆಕ್ಷನ್ ಗೆದ್ದೋನಾ, ಸೋತೋನಾ?”

“ಗೆದ್ದೋರು ಸಾರ್.”

“ಹಂಗಾದ್ರೆ ಇಡು.”

ಹುಸೇನಮ್ಮ ಮುಂದೆ ಬಂದು ಕೈಮುಗಿದಳು. ಅವಳು ದುರ್ಗೇಶನ ಅಕ್ಕನೆಂದು ಸಾಹೇಬರಿಗೆ ಗೊತ್ತಿರಲಿಲ್ಲ. ಮಾರತ್ತಹಳ್ಳಿಯ ಆಚೆ ರಾಜಕಾಲುವೆಯ ಪಕ್ಕ ಅವಳದೊಂದು ತಗಡಿನ ಮನೆ. ಗೋಡೆಗೆ ಒತ್ತುವರಿ ತೆರವಿನ ಕೆಂಪು ಗುರುತು ಬಿದ್ದಿತ್ತು. ನಾಳೆ ಬೆಳಗ್ಗೆ ಜೆಸಿಬಿ.

“ಮನಿಯಾಗ ಹಸಿ ಬಾಣಂತಿ ಅದಾಳ್ರಿ ಯಪ್ಪಾ,” ಎಂದಳು. “ಮಗಳು ರೇವತಿ. ಕೂಸಿಗೆ ಇನ್ನಾ ಹೆಸರಿಟ್ಟಿಲ್ರಿ.”

“ಕೂತ್ಕೊಳಮ್ಮ. ನೋಡಾಣ.”

ಎರಡನೆಯದು ಮಾರ್ಟಿನಿ. ಜಿನ್ನಿಗೆ ವರ್ಮೂತ್ ಎಂಬ ವೈನು ಬೆರೆಸಬೇಕು. ಯುದ್ಧಕಾಲದ ಇಂಗ್ಲೆಂಡಿನ ಪ್ರಧಾನಿಯೊಬ್ಬರು ವರ್ಮೂತ್ ಹಾಕುವುದೇ ಬೇಡ, ಬಾಟಲಿಯನ್ನು ದೂರದಿಂದ ನೋಡಿದರೆ ಸಾಕು ಎನ್ನುತ್ತಿದ್ದರಂತೆ.

“ಗೆದ್ಮೇಲೆ ನಾವು ಓಟರ್‌ಗಳನ್ನ ನೋಡ್ದಂಗೆ ಅನ್ನು,” ಎಂದು ಸಾಹೇಬರು ತಾವೇ ನಕ್ಕರು. ಮೇಜಿನ ಸುತ್ತಲಿದ್ದವರೂ ನಕ್ಕರು. ನಗದಿದ್ದರೆ ಆಗುತ್ತದೆಯೇ?

ನೀರು ಕೇಳುವ ನೆಪದಲ್ಲಿ ಹುಸೇನಮ್ಮ ಕೌಂಟರಿಗೆ ಬಂದಳು. ದುರ್ಗೇಶ ತಲೆ ಎತ್ತದೆ ಪಿಸುಗುಟ್ಟಿದ.

“ಅಕ್ಕಾ, ಕೈ ಮುಗೀತೀನಿ, ಹೋಗು. ಕೆ.ಆರ್. ಪುರದಾಗ ರೂಮು ಹೇಳೀನಿ. ಟೆಂಪೋನೂ ಹೇಳೀನಿ. ಇವತ್ತ ರೇವತಿನ್ನ, ಕೂಸಿನ್ನ ಕರ್ಕೊಂಡು ಹೋಗಿಬಿಡು.”

“ಟೆಂಪೋದವ್ಗ ಬ್ಯಾಡಂದೀನಿ. ಇಲ್ಲಿಗೆ ಬಂದು ಹೋದ ಅಯ್ಯಮ್ಮನ ಓಣಿಗೆ ನೀರ ಬರ್ಲಿಲ್ಲೇನು, ಇವ್ರು ಫೋನ್ ಮಾಡಿದ ಮರದಿನಾನ?”

“ಆ ಫೋನ್ ಎತ್ತಾವನ ಕೈಯಾಗೂ ಏನೂ ಇಲ್ಲ ಅಕ್ಕಾ.”

“ನಿಂಗೇನ್ ಗೊತ್ತಲೇ?”

ನಿಜ ದುರ್ಗೇಶನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಸಾಹೇಬರು ಮೇಜು ಕುಟ್ಟಿದರು. ಮಾತು ಹಾಗೇ ಹೊಟ್ಟೆಗಿಳಿಯಿತು.

“ಆ ದೊಡ್ಡ ಸಾಹೇಬ್ರ ಬಾಯಿಲೆ ಇಲ್ಲ ಅಂತ ಬರ್ಲಿ, ಆಗ ಹೋಗ್ತೀನಿ,” ಎಂದಳು ಹುಸೇನಮ್ಮ. “ಅಲ್ಲೀತನ ಜೆಸಿಬಿ ಮುಂದ ಬಾಗಿಲದಾಗ ಕುಂದರತೀನಿ. ರೇವತಿನೂ ಹಂಗ ಅಂದಾಳ.”

ಅಕ್ಕ ಹಟಮಾರಿ. ಕೂತೇ ಕೂರುತ್ತಾಳೆ. ಆ ತಗಡು ಯಾರ ತಲೆಯ ಮೇಲೆ ಬೀಳುತ್ತದೆಂದು ಯೋಚಿಸಲೂ ದುರ್ಗೇಶನಿಗೆ ಧೈರ್ಯ ಬರಲಿಲ್ಲ.

ಮೂರನೆಯದು ಓಲ್ಡ್ ಫ್ಯಾಷನ್ಡ್, ಸಕ್ಕರೆ ಬೆರೆಸಿದ ವಿಸ್ಕಿ. ಅವನು ಸಕ್ಕರೆ ಕರಗಿಸುತ್ತಲೇ ನಿಂತ. ಕರಗಿದ ಮೇಲೂ ಕಲಕಿದ. ಕಿತ್ತಳೆ ಸಿಪ್ಪೆ ಹೆರೆದ, ಎಸೆದ, ಇನ್ನೊಂದು ಹೆರೆದ.

“ಏನ್ಲಾ, ಬಾವಿ ತೋಡ್ತಿದೀಯಾ?”

“ಬಂದೆ ಸಾರ್. ಇದು ಅಮೆರಿಕದ ಇನ್ನೊಬ್ರು ಪ್ರೆಸಿಡೆಂಟ್ ಮನೇದು. ಬಟ್ಲರ್ ಮಾಡ್ಕೊಟ್ಟಿದ್ನ ಅವ್ರ ಹೆಂಡ್ತಿ ಹಣ್ಣಿನ ರಸ ಅಂತ ಬೈದ್ರಂತೆ. ಕೊನೆಗೆ ಬರೀ ವಿಸ್ಕಿ ಕೊಟ್ಟಾಗ, ಈಗ ಸರಿಯಾಯ್ತು ಅಂದ್ರಂತೆ.”

“ಅವಳು ಹೆಂಗ್ಸು ಅಂದ್ರೆ,” ಎಂದ ಸಾಹೇಬರು ನಿಧಾನಕ್ಕೆ ಹೀರಿದರು. ಇವತ್ತು ಮರೆತುಬಿಡಲಿ, ನಿದ್ದೆ ಹತ್ತಲಿ ಎಂದು ದುರ್ಗೇಶ ಯಲ್ಲಮ್ಮನಿಗೆ ಹರಕೆ ಹೊತ್ತ. ಗ್ಲಾಸು ಖಾಲಿಯಾಯಿತು. ಹಾಡು ನಿಂತಿತು. ಸಾಹೇಬರು ಜೇಬಿನಿಂದ ಫೋನ್ ತೆಗೆದರು.

ದುರ್ಗೇಶ ದಿನದಂತೆ, ಸಾಹೇಬರ ಅಪ್ಪಣೆಯಂತೆ, ಐಸ್ ಬಕೆಟ್ ಎತ್ತಿಕೊಂಡು ಹಿಂದಿನ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಸಾಹೇಬರ ದನಿ ಅಲ್ಲಿಗೂ ಕೇಳುತ್ತಿತ್ತು.

“ಕಮಿಷನರೇ, ದೊಡ್ಡಮುನಿಯಪ್ಪ. ಇಲ್ಲೊಬ್ಳು ಬಡವಿ ಬಂದವ್ಳೆ. ನಾಳೆ ಅವಳ ಮನೆ ತಂಟೆಗೆ ನಿಮ್ಮೋರು ಹೋಗ್ಕೂಡ್ದು.” ಉತ್ತರಕ್ಕೆ ಅವರು ಯಾವತ್ತೂ ಇಷ್ಟು ಹೊತ್ತು ಕಾಯಬೇಕಾಗಿರಲಿಲ್ಲ. “ಯಾಕ್ರೀ ಮಾತಿಲ್ಲ? ತಗಳಮ್ಮ, ನೀನೇ ಹೇಳು. ಹೆದರ್ಬ್ಯಾಡ.”

“ಸಾಹೇಬ್ರ,” ಎಂದಳು ಹುಸೇನಮ್ಮ. “ಮನಿ ಉಳಿತೈತೇನ್ರಿ? ನೀವು ಹೂಂ ಅಂದ್ರ ಸಾಕ್ರಿ, ನಿಶ್ಚಿಂತಿಲೆ ಮಲಗ್ತೀವಿ.”

ಸ್ಟೋರ್ ರೂಮಿನಲ್ಲಿ ದುರ್ಗೇಶ ಹೆಗಲ ಮೇಲಿನ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು, ಕಿವಿಗಿಟ್ಟುಕೊಂಡಿದ್ದ ತನ್ನ ಫೋನಿನಲ್ಲಿ ಬೆಂಗಳೂರಿನ ಕನ್ನಡದಲ್ಲಿ ಹೇಳಿದ: “ಆಗಲ್ಲಮ್ಮ. ಕಮಿಷನರ್ ಹೇಳ್ತಿದೀನಿ, ಉಳಿಯಲ್ಲ. ಇವತ್ತೇ ಮಗೂನ ಎತ್ಕೊಂಡು ನಿಮ್ಮ ತಮ್ಮ ಹೇಳಿದ ಕಡೆ ಹೋಗ್ಬಿಡಿ.”