ಬಿಸಿ ಆರುವ ಮೊದಲು

ಸತ್ತವರ ಫೋಟೊವನ್ನು ದಿಂಬಿನ ಚೀಲದ ಮೇಲೆ ಇಸ್ತ್ರಿ ಹಾಕಿ ಮೂಡಿಸಿದರೆ, ಆ ಬಿಸಿ ಆರುವವರೆಗೆ ಅವರು ಮಾತಾಡುತ್ತಾರೆ. ಒಬ್ಬರಿಗೆ ಒಂದೇ ಸಲ. ರಾಣೆಬೆನ್ನೂರಿನಲ್ಲಿ ಈ ಕೆಲಸಕ್ಕೆ ಎಲ್ಲರೂ ಬರುವುದು ಶಾರವ್ವನ ಡಿಟಿಪಿ ಅಂಗಡಿಗೆ. ವರ್ಡ್‌ನಲ್ಲಿ ಫೋಟೊ ಕೂರಿಸಿ, ಎಡಬಲ ತಿರುಗಿಸಿ, ಕನ್ನಡಿಯಲ್ಲಿ ಕಂಡಂತೆ ಪ್ರಿಂಟ್ ತೆಗೆದರೆ ಮಾತ್ರ ಬಟ್ಟೆಯ ಮೇಲೆ ಮನುಷ್ಯ ಸರಿಯಾಗಿ ಮೂಡುತ್ತಾನೆ. ಹನ್ನೊಂದು ವರ್ಷದಲ್ಲಿ ಅವಳ ಕೈ ಒಮ್ಮೆಯೂ ತಪ್ಪಿರಲಿಲ್ಲ.

ಇವತ್ತು ಅವಳ ಅಪ್ಪನದೇ ಸರದಿ. ಅಪ್ಪನಿಗೆ ಎಡಗಿವಿ ಪೂರ್ತಿ ಮಂದ. ಮನೆಯವರೆಲ್ಲ ಅವನ ಬಲಕ್ಕೆ ಕೂತೇ ಮಾತಾಡುತ್ತಿದ್ದರು. ಕೊನೆಯ ದಿನ ಶಾರವ್ವ "ಕಿವುಡ ಮುದುಕ" ಎಂದು ಸಿಡುಕಿದ್ದೂ ಆ ಬಲಗಿವಿಯ ಹತ್ತಿರವೇ. ಅದು ಅವನಿಗೆ ಚೆನ್ನಾಗಿ ಕೇಳಿತ್ತು.

ಇಸ್ತ್ರಿಪೆಟ್ಟಿಗೆ ಎತ್ತುತ್ತಲೇ ಅಪ್ಪ ಕಣ್ಣು ಬಿಟ್ಟ. ಶಾರವ್ವ ರೂಢಿಯಂತೆ ಅವನ ಬಲಕ್ಕೆ ಬಾಗಿದಳು.

"ಅಪ್ಪಾ, ತಪ್ಪಾತು. ಅವತ್ತು ನಾ ಹಂಗ ಅನ್ನಬಾರದಿತ್ತು. ಹೊಟ್ಟ್ಯಾಗ ಹಾಕ್ಕೋ."

ಅಪ್ಪ ನಕ್ಕು ತಲೆಯಾಡಿಸಿದ. ಶಾರವ್ವ ಆ ನಗುವನ್ನೇ ದಿಟ್ಟಿಸಿದಳು. ಮಾತು ಕೇಳಿಸದಿದ್ದಾಗಲೆಲ್ಲ ಅಪ್ಪ ನಗುತ್ತಿದ್ದದ್ದೇ ಹಾಗೆ.

ಆಗ ಕಣ್ಣಿಗೆ ಬಿತ್ತು, ಅಪ್ಪನ ಎಡ ಎದೆಯ ಮೇಲಿರಬೇಕಾದ ಅಂಗಿಯ ಜೇಬು, ಅದರೊಳಗಿನ ಪೆನ್ನು, ಎರಡೂ ಅವನ ಬಲಕ್ಕಿದ್ದವು. ಬೆಳಿಗ್ಗೆ ಕಣ್ಣೊರೆಸಿಕೊಳ್ಳುತ್ತ ಪ್ರಿಂಟ್ ಕೊಟ್ಟವಳು ಫೋಟೊ ತಿರುಗಿಸುವುದನ್ನೇ ಮರೆತಿದ್ದಳು. ಮಂದ ಕಿವಿ ಬಲಕ್ಕೆ ಬಂದು ಕೂತಿತ್ತು.

"ಅಪ್ಪಾ, ತಡಿ, ಈ ಕಡೆ ಬಂದೆ," ಎನ್ನುತ್ತ ಮೇಜು ಸುತ್ತಿ ಓಡಿದಳು. ಕೆನ್ನೆ ಮುಟ್ಟಿದರೆ ಬಟ್ಟೆ ತಣ್ಣಗಾಗಿತ್ತು.

ಆ ನಗು ಮಾತ್ರ ಹಾಗೇ ಉಳಿದುಕೊಂಡಿತ್ತು.