ರಕ್ತದ ಮಾತ್ರೆ

ಅಜ್ಜಿ ತರಕಾರಿ ಚೀಲವನ್ನು ಕೆಳಗಿಡದೆಯೇ, ಖಾಲಿ ಕವರೊಂದನ್ನು ಔಷಧಿ ಅಂಗಡಿಯ ಗಾಜಿನ ಕಟ್ಟೆಯ ಮೇಲಿಟ್ಟು ಅಂಗೈಯಿಂದ ನೀವಿದಳು. "ಇದೇ ಬೇಕು ಕಣಮ್ಮ. ನನ್ನ ಸೊಸೆಗೆ ತಿಂಗಳು ತಿಂಗಳು ಕೊಡ್ತೀಯಲ್ಲ, ಅದೇ. ನಂಗೂ ಒಂದು ಹಾಳೆ ಕೊಡು."

ಕವರಿನ ಮೇಲೆ ಅಂಗಡಿಯಕ್ಕನದೇ ದುಂಡು ಅಕ್ಷರ: ರಕ್ತದ ಮಾತ್ರೆ. ನಡುಮಧ್ಯಾಹ್ನ ಬೇರೆ. ಎದುರು ಸಾಲಿನ ಅಂಗಡಿಗಳೆಲ್ಲ ಅರ್ಧ ಬಾಗಿಲೆಳೆದುಕೊಂಡು ತೂಕಡಿಸುತ್ತಿದ್ದವು. ಕೆಮ್ಮಿನ ಔಷಧಿಯ ಸೀಸೆಗಳನ್ನು ತೂರಿ ಬಂದ ಬಿಸಿಲು ಗೋಡೆಯ ಮೇಲೆ ಕೆಂಪಗೆ, ಜೇನಿನ ಬಣ್ಣದಲ್ಲಿ ಮೆಲ್ಲಗೆ ಅಲುಗುತ್ತಿತ್ತು. ತಾನು ಎಚ್ಚರವಾಗಿದ್ದೇನೋ, ಕೂತಲ್ಲೇ ಕನಸು ಕಾಣುತ್ತಿದ್ದೇನೋ ಅಂತ ಅಕ್ಕನಿಗೆ ಅನುಮಾನವಾಯಿತು.

ಆ ಬೀದಿಯಲ್ಲಿ ರಕ್ತ ಕಡಿಮೆ ಇರುವ ಹೆಂಗಸರು ಒಬ್ಬಿಬ್ಬರಲ್ಲ. ಮಕ್ಕಳಾಗದಂತೆ ನುಂಗುವ ಮಾತ್ರೆಯ ಹಾಳೆಯನ್ನು ಬಿಳಿ ಕವರಿಗೆ ಹಾಕಿ, ಮೇಲೆ ಹೀಗೆ ಬರೆದು ಕೊಡುವುದು ಅಕ್ಕ ಹನ್ನೊಂದು ವರ್ಷದಿಂದ ಮಾಡಿಕೊಂಡು ಬಂದ ಉಪಾಯ. ಆಸ್ಪತ್ರೆಗೆ ಹೋದರೆ ಸಾಲಿನಲ್ಲಿ ನಾಲ್ಕು ಜನ ಗುರುತಿನವರು ಸಿಗುತ್ತಾರೆ. ಇಲ್ಲಾದರೆ ತಲೆನೋವಿನ ಮಾತ್ರೆಗೆ ಬಂದವರಂತೆ ಬಂದು, "ಅಕ್ಕಾ, ರಕ್ತದ್ದು" ಅಂದರೆ ಮುಗಿಯಿತು. ಈ ಅಜ್ಜಿಯ ಸೊಸೆಯೂ ಹಾಗೇ ಬರುವವಳು. ಬಟ್ಟೆ ಹೊಲಿಯುವ ಕಾರ್ಖಾನೆಯ ಕೆಲಸ, ಮನೆಯಲ್ಲಿ ಎರಡು ಮಕ್ಕಳು, ಮೂರನೆಯದು ಸುತರಾಂ ಬೇಡ. ಅಜ್ಜಿಯೋ, ತನ್ನ ಬಿಪಿ ಮಾತ್ರೆಗೆ ಬಂದಾಗಲೆಲ್ಲ, "ಮೂರನೇದು ಬೇಗ ಆಗೋ ಹಾಗೆ ಅವಳಿಗೊಂದು ಟಾನಿಕ್ ಕೊಡೇ" ಅಂತ ಪ್ರಾಣ ತಿನ್ನುವವಳು.

"ನಿಮಗ್ಯಾಕಜ್ಜಿ ಇದು?"

"ಯಾಕೆ, ಸೊಸೆ ಮೈಯಲ್ಲಿ ರಕ್ತ ಇರ್ಬೇಕು, ಅತ್ತೆ ಮೈಯಲ್ಲಿ ನೀರು ಹರೀಬೇಕಾ?" ಅಜ್ಜಿ ಮುಂದೆ ಬಾಗಿ ದನಿ ತಗ್ಗಿಸಿದಳು. "ಅವಳಿಗೆ ಹೇಳ್ಬೇಡ ಮತ್ತೆ. ಹದಿನೈದು ದಿನದಿಂದ ದಿನ ಬಿಟ್ಟು ದಿನ ಅವಳ ಹಾಳೆಯಿಂದ ಒಂದೊಂದು ಕಿತ್ಕೊಂಡು ತಿಂತಿದೀನಿ. ಮಕ್ಕಳೇ ಕಿತ್ತಿದಾರೆ ಅಂದ್ಕೊಂಡಳು ಅವಳು. ಪಾಪ, ಏಟು ಬಿದ್ದಿದ್ದು ಅವಕ್ಕೆ."

ಅಕ್ಕನ ಮಂಪರು ಹಾರಿಹೋಯಿತು. ಮೊನ್ನೆ ತಾನೇ ಆ ಸೊಸೆ ಮುಖ ಬಿಳಿಚಿಕೊಂಡು ಬಂದು, "ಮಾತ್ರೆ ಕಡಿಮೆ ಬೀಳ್ತಿವೆ ಅಕ್ಕಾ, ನಡುವೆ ತಪ್ಪಿಹೋದ್ರೆ ನನ್ನ ಗತಿ?" ಅಂತ ಹತ್ತು ದಿನ ಮುಂಚೆಯೇ ಹೊಸ ಹಾಳೆ ಒಯ್ದಿದ್ದಳು. ಈಗ ನಿಜ ಹೇಳಿದರೆ ಅವಳ ಗುಟ್ಟು ಬಯಲು. ಹೇಳದಿದ್ದರೆ ಕಾಲು ಊದಿಸಿಕೊಂಡು ನಿಂತಿರುವ ಈ ಮುದುಕಿಯ ಜೀವಕ್ಕೆ ಕುತ್ತು. ಸುಳ್ಳು ಬರೆದ ಕೈಯಂತೂ ತನ್ನದೇ.

"ಇನ್ನು ಮುಟ್ಟಬೇಡಿ ಅಜ್ಜಿ. ನಿಮ್ಮ ಬಿಪಿಗೆ ಇದು ಆಗಿಬರಲ್ಲ."

"ಹೋಗೇ! ಎಷ್ಟು ಚೆನ್ನಾಗಿ ಆಗಿಬಂದಿದೆ ಗೊತ್ತಾ? ಕನಸು ಬೀಳ್ತಿದೆ ಕಣೇ." ಅಜ್ಜಿ ಚೀಲವನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. "ಉದ್ದಾನುದ್ದ ರಸ್ತೆ. ನಾನು ಹದಿನೆಂಟರ ಹುಡುಗಿ. ಕೈ ಬೀಸ್ಕೊಂಡು ಹೋಗ್ತಾ ಇದೀನಿ. ಕಂಕುಳಲ್ಲಿ ಯಾರೂ ಇಲ್ಲ, ಬಟ್ಟೆ ಚುಂಗು ಹಿಡಿದು ಜಗ್ಗೋರಿಲ್ಲ, ಹೊಟ್ಟೇಲೂ ಯಾರಿಲ್ಲ. ಏಳು ಹೆತ್ತವಳು ನಾನು. ನಂಗೆ ಎರಡು ಕೈ ಇದಾವೆ ಅನ್ನೋದೇ ಮರೆತುಹೋಗಿತ್ತು. ಏನು ಹಗುರ ಅಂತೀಯ! ಎದ್ದ ಮೇಲೂ ಎಷ್ಟೋ ಹೊತ್ತು ಕೈ ತಮ್ಮಷ್ಟಕ್ಕೆ ತೂಗ್ತಾ ಇರ್ತವೆ."

ಅಕ್ಕ ಡ್ರಾಯರಿನಿಂದ ಒಂದು ಹಾಳೆ ತೆಗೆದು ಅಜ್ಜಿಯ ಮುಂದಿಟ್ಟಳು. ಇಪ್ಪತ್ತೊಂದು ಬಿಳಿ, ಏಳು ಕಂದು. "ರಕ್ತಕ್ಕೆ ಅಂತ ಇರೋದು ಈ ಕಂದು ಏಳು ಮಾತ್ರ."

"ಮತ್ತೆ ಬಿಳೀದು?"

"ಬಿಳೀದು ಬಸಿರಾಗದ ಹಾಗೆ." ಅಕ್ಕ ಒಂದೇ ಉಸಿರಿಗೆ ಹೇಳಿಬಿಟ್ಟಳು. "ನೀವು ಕನಸಲ್ಲಿ ಹೋದ ರಸ್ತೇಲಿ ನಿಮ್ಮ ಸೊಸೆ ಎಚ್ಚರ ಇದ್ದೇ ಹೋಗ್ತಿದಾಳೆ ಅಜ್ಜಿ. ಬೈಯೋದಿದ್ರೆ ನನ್ನನ್ನ ಬೈಯಿರಿ. ಬರೆದವಳು ನಾನು."

ಅಜ್ಜಿ ಕವರಿನ ಅಕ್ಷರವನ್ನೇ ನೋಡಿದಳು. ಓದಲು ಬಾರದ ಕಣ್ಣು, ಆದರೂ ನೋಡಿದಳು. ಫ್ಯಾನು ಕಿರ್ ಕಿರ್ ಅಂತ ಸುತ್ತುತ್ತಲೇ ಇತ್ತು.

"ಹಂಗಾದ್ರೆ ಈ ಬೀದೀಲಿ ಯಾರಿಗೂ ರಕ್ತ ಕಡಿಮೆ ಇಲ್ವೇನೇ?"

ಅಕ್ಕನಿಗೆ ನಗು ಬಂತು, ಹೆದರಿ ನುಂಗಿಕೊಂಡಳು. ಅಜ್ಜಿ ನಗಲಿಲ್ಲ. "ಇದು ಆಗಲೂ ಇತ್ತಾ? ನಾನು ಹೆರ್ತಾ ಇದ್ದಾಗ?"

"ಇತ್ತು. ನಮ್ಮಪ್ಪ ಇದೇ ಡ್ರಾಯರಲ್ಲಿ ಇಡ್ತಿದ್ರು."

"ಇದೇ ಅಂಗಡಿ. ಮಕ್ಕಳ ಜ್ವರಕ್ಕೆ, ಭೇದಿಗೆ ಅಂತ ನೂರು ಸಲ ಬಂದಿದೀನಿ. ಇದೇ ಜಾಗದಲ್ಲಿ ನಿಂತಿದೀನಿ." ಅಜ್ಜಿ ಗಾಜಿನ ಮೇಲೆ ಬೆರಳಿಟ್ಟು, ಡ್ರಾಯರಿಗೂ ತನಗೂ ಎಷ್ಟು ದೂರ ಅಂತ ಅಳೆಯುವವಳಂತೆ ಮೆಲ್ಲಗೆ ಎಳೆದಳು. ಆಮೇಲೆ, "ನಾನು ತಿಂದದ್ದಕ್ಕೆ ಬದಲು ಈ ಹಾಳೆ ಅವಳಿಗೇ ಹೋಗ್ಲಿ. ಕವರಿಗೆ ಹಾಕು," ಅಂದಳು.

ಅಕ್ಕ ಹೊಸ ಕವರು ತೆಗೆದು, ಪೆನ್ನು ಹಿಡಿದು, ಏನು ಬರೆಯುವುದೆಂದು ತಡೆದಳು.

"ಅದೇ ಬರಿಯೇ, ರಕ್ತದ್ದು ಅಂತ. ನಂಗೆ ಓದೋಕೆ ಬರಲ್ಲ, ನನ್ನ ಮಗನಿಗೆ ಬರುತ್ತೆ."

ಕವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಜ್ಜಿ ಮೆಟ್ಟಿಲಿಳಿದಳು. ತರಕಾರಿ ಚೀಲ ಕಟ್ಟೆಯ ಮೇಲೆಯೇ ಉಳಿದಿತ್ತು. ಕೂಗಬೇಕೆಂದು ಬಾಯಿ ತೆರೆದ ಅಕ್ಕ ಹಾಗೇ ನಿಂತುಬಿಟ್ಟಳು. ಬಿಸಿಲು ಹಾಸಿದ ಖಾಲಿ ಬೀದಿಯ ನಟ್ಟನಡುವೆ ಅಜ್ಜಿ ಎರಡೂ ಕೈ ಬೀಸಿಕೊಂಡು ಹೋಗುತ್ತಿದ್ದಳು.